ಬಿಡಿ ಅಂದ್ರೆ ನಂಬಿ, ಕುಡೀರಿ ಅಂದ್ರೆ ಕೇಳಿ

ಪ್ರಕೃತಿ ಚಿಕಿತ್ಸೆ ಅಂದ ಕೂಡಲೇ ನಮ್ಮ ಕನ್ನಡದವರಲ್ಲಿ ಎರಡು ಪಂಗಡ ಆಗಿಬಿಡುತ್ತೆ. ಒಂದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆರಸ, ಜೇನುತುಪ್ಪ ಬಿದ್ದರೆ ಸಕಲ ರೋಗಗಳೂ ಊರು ಬಿಟ್ಟು ಓಡಿಹೋಗುತ್ತವೆ ಅನ್ನೋ ಪಂಗಡ. ಇನ್ನೊಂದು, "ಅದೆಲ್ಲಾ ಬುರುಡೆ ಕಣ್ರೀ" ಅಂತ ನಗ್ತಾ ಎರಡನೇ ಕೋಕ್ ಕ್ಯಾನ್ ತೆರೆಯೋ ಪಂಗಡ. ವಾಷಿಂಗ್ಟನ್ನಿನ ಕಾವೇರಿ ಕನ್ನಡ ಸಂಘದ ಊಟದ ಸಾಲಿರಲಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದ ಊಟದ ಸಾಲಿರಲಿ, ಎರಡೂ ಪಂಗಡದವರು ಅಕ್ಕಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿರ್ತಾರೆ. ಇಬ್ಬರೂ ನನ್ನನ್ನ ತಮ್ಮ ಕಡೆ ಎಳೀತಾರೆ. ನಾನು ಯಾರ ಕಡೆಗೂ ಪೂರ್ತಿ ಹೋಗೋದಿಲ್ಲ. ಯಾಕೆ ಅಂತ ಒಂದಿಷ್ಟು ಬರೆಯೋಣ ಅನ್ನಿಸ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ವರ್ಜೀನಿಯಾದಲ್ಲಿ ಕೂತು ಕೋಡ್ ಬರೆಯುವ ಸಾಮಾನ್ಯ ಇಂಜಿನಿಯರು. ಆದರೆ ಲೇಬಲ್ ಓದೋಕೆ ಬರುತ್ತೆ, ಕೂಡಿಸಿ ಕಳೆಯೋಕೂ ಬರುತ್ತೆ. ಈ ವಿಷಯಕ್ಕೆ ಅಷ್ಟು ಬಂದರೆ ಅರ್ಧ ಕೆಲಸ ಮುಗೀತು.

ನಾವಿರೋ ಜಾಗದ ಕಥೆಯಿಂದಲೇ ಶುರುಮಾಡೋಣ. ಅಪ್ಪ ಅಮ್ಮ ಊರಿಂದ ಬಂದರೆ ಅಟ್ಲಾಂಟಾದವರು ತಪ್ಪದೇ ತೋರಿಸೋ ಜಾಗ 'ವರ್ಲ್ಡ್ ಆಫ್ ಕೋಕಾ-ಕೋಲಾ'. ಈ ಕೋಕಾ-ಕೋಲಾ ಹುಟ್ಟಿದ್ದು 1886ರ ಮೇ ತಿಂಗಳಲ್ಲಿ, ಅದೇ ಅಟ್ಲಾಂಟಾದ ಒಂದು ಔಷಧಿ ಅಂಗಡಿಯಲ್ಲಿ. ಅದನ್ನ ಕಂಡುಹಿಡಿದ ಜಾನ್ ಪೆಂಬರ್ಟನ್ ಔಷಧಿ ಮಾಡುವವನು. ಕೋಕಾ ಎಲೆ, ಕೋಲಾ ಕಾಯಿ ಅಂತ ಗಿಡಮೂಲಿಕೆಗಳ ಹೆಸರು ಹೇಳಿ, ಮಿದುಳಿಗೆ ಟಾನಿಕ್ಕು, ನರಗಳಿಗೆ ಒಳ್ಳೆಯದು ಅಂತಲೇ ಅದನ್ನ ಮಾರಿದ್ದು. ಒಂದು ಲೋಟಕ್ಕೆ ಐದು ಸೆಂಟು. ಇನ್ನು ಪೆಪ್ಸಿ? ಅದು ನಾರ್ತ್ ಕ್ಯಾರೊಲಿನಾದ ನ್ಯೂ ಬರ್ನ್ ಅನ್ನೋ ಊರಿನ ಕೂಸು. 1893ರಲ್ಲಿ ಕೇಲೆಬ್ ಬ್ರಾಡಮ್ ಅನ್ನೋ ಇನ್ನೊಬ್ಬ ಔಷಧಿ ಅಂಗಡಿಯವನು ಮಾಡಿದ್ದು. ಅಜೀರ್ಣಕ್ಕೆ ಇಂಗ್ಲಿಷಿನಲ್ಲಿ 'ಡಿಸ್ಪೆಪ್ಸಿಯಾ' ಅಂತಾರಲ್ಲ, 1898ರಲ್ಲಿ ಇಟ್ಟ ಪೆಪ್ಸಿ ಅನ್ನೋ ಹೆಸರು ಬಂದದ್ದು ಅದರಿಂದ. ಊಟ ಆದಮೇಲೆ ಹೊಟ್ಟೆ ಹಗುರ ಮಾಡುತ್ತೆ ಅಂತ.

ನೋಡಿದ್ರಾ? ಇವತ್ತು ಪ್ರಕೃತಿ ಚಿಕಿತ್ಸೆಯವರು ಮೊದಲನೇ ಶತ್ರು ಅನ್ನೋ ಎರಡೂ ಪಾನೀಯಗಳು ಹುಟ್ಟಿದ್ದು 'ಆರೋಗ್ಯಕ್ಕೆ ಒಳ್ಳೆಯದು' ಅನ್ನೋ ಬೋರ್ಡಿನ ಕೆಳಗೇ! ಗಿಡದಿಂದ ಬಂದದ್ದು, ನೈಸರ್ಗಿಕ, ನರಕ್ಕೆ ಬಲ, ಜೀರ್ಣಕ್ಕೆ ಹಿತ... ಇವತ್ತು ನಮ್ಮ ವಾಟ್ಸಾಪಿಗೆ ಬರೋ ಮೆಸೇಜುಗಳಲ್ಲಿ ಇರೋದೂ ಇವೇ ಮಾತುಗಳು. ಹಾಗಾಗಿ 'ನೈಸರ್ಗಿಕ' ಅನ್ನೋ ಪದ ಕೇಳಿದ ಕೂಡಲೇ ತಲೆ ಬಾಗಿಸೋ ಅಭ್ಯಾಸ ನನಗಿಲ್ಲ.

ಹಾಗಂತ ಪ್ರಕೃತಿ ಚಿಕಿತ್ಸೆ ಪೂರ್ತಿ ಬುರುಡೆ ಅನ್ನೋದಕ್ಕೂ ನಾನು ತಯಾರಿಲ್ಲ. ಆ ಚಿಕಿತ್ಸೆಯ ತಿರುಳು ಏನು ಸ್ವಾಮಿ? ಕಡಿಮೆ ತಿನ್ನು, ಹಸಿವಾದಾಗ ತಿನ್ನು, ಹಣ್ಣು ತರಕಾರಿ ಜಾಸ್ತಿ ತಿನ್ನು, ಸಕ್ಕರೆ, ಮೈದಾ, ಕರಿದದ್ದು ಬಿಡು, ನಡಿ, ಹೊತ್ತಿಗೆ ಸರಿಯಾಗಿ ಮಲಗು. ಉಜಿರೆಯಲ್ಲಿ 1989ರಿಂದ ಇದನ್ನೇ ಕಾಲೇಜು ಕಟ್ಟಿ ಕಲಿಸ್ತಿದ್ದಾರೆ. ಬಿ.ಎನ್.ವೈ.ಎಸ್. ಅಂತ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಡಿಗ್ರಿ. ಧರ್ಮಸ್ಥಳದ ಶಾಂತಿವನಕ್ಕೋ ಬೆಂಗಳೂರಿನ ತುಮಕೂರು ರಸ್ತೆಯ ಜಿಂದಾಲಿಗೋ ಹತ್ತು ದಿನ ಹೋಗಿಬಂದ ಚಿಕ್ಕಪ್ಪ ದೊಡ್ಡಪ್ಪಂದಿರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಹಗುರಾಗಿ ಬರ್ತಾರೆ, ಮುಖದಲ್ಲಿ ಕಳೆ ಇರುತ್ತೆ. ಇದರಲ್ಲಿ ಮಂತ್ರ ಮಾಯ ಏನೂ ಇಲ್ಲ. ಹತ್ತು ದಿನ ಉಪ್ಪು, ಎಣ್ಣೆ, ಸಕ್ಕರೆ, ಆಫೀಸಿನ ಟೆನ್ಷನ್ನು ಬಿಟ್ಟರೆ ಯಾರಿಗಾದರೂ ಹಾಗಾಗುತ್ತೆ.

ಇದಕ್ಕೆ ದೊಡ್ಡ ಪುರಾವೆ ಇರೋದು ನಮ್ಮ ವಾಷಿಂಗ್ಟನ್ ಪಕ್ಕದಲ್ಲೇ. ಬೆಥೆಸ್ಡಾದ ಎನ್.ಐ.ಎಚ್. ಹಣ ಕೊಟ್ಟು ನಡೆಸಿದ 'ಡಯಾಬಿಟೀಸ್ ಪ್ರಿವೆನ್ಷನ್ ಪ್ರೋಗ್ರಾಂ' ಅನ್ನೋ ಅಧ್ಯಯನ. ಸಕ್ಕರೆ ಕಾಯಿಲೆ ಇನ್ನೇನು ಬರಲಿದೆ ಅನ್ನೋ ಹಂತದಲ್ಲಿದ್ದ 3,234 ಜನರನ್ನ ತಗೊಂಡು, ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟರು. ಮತ್ತೊಂದು ಗುಂಪಿಗೆ ಊಟ ಹಿಡಿತದಲ್ಲಿಟ್ಟು ದೇಹದ ತೂಕದಲ್ಲಿ ಶೇಕಡಾ 7 ಇಳಿಸಿ, ವಾರಕ್ಕೆ 150 ನಿಮಿಷ ನಡೀರಿ ಅಂದರು. 2002ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಲ್ಲಿ ಡಯಾಬಿಟೀಸ್ ಬರೋದು ಶೇಕಡಾ 31 ಕಡಿಮೆ ಆಗಿತ್ತು. ಊಟ, ನಡಿಗೆಯ ಗುಂಪಿನಲ್ಲಿ ಶೇಕಡಾ 58! ಅಜ್ಜಿ ಹೇಳಿದ್ದನ್ನ ಅಮೆರಿಕಾದವರು ಲೆಕ್ಕ ಹಾಕಿ ತೋರಿಸಿದ ಹಾಗಾಯ್ತು. ಒಂದು ಮಾತು ಮಾತ್ರ ಗುರುತಿಟ್ಟುಕೊಳ್ಳಿ: ಇದು ಕಾಯಿಲೆ ಬರದ ಹಾಗೆ ತಡೆಯೋ ಲೆಕ್ಕ. ಬಂದಮೇಲೆ ಮಾತ್ರೆ ಬಿಸಾಕೋ ಲೆಕ್ಕ ಅಲ್ಲ. ಈ ವ್ಯತ್ಯಾಸದ ಮೇಲೇ ಈ ಬರಹ ನಿಂತಿರೋದು.

ನಮಗೆ ಇದು ಯಾಕೆ ಮುಖ್ಯ ಅಂದ್ರೆ, ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿ ಅಟ್ಲಾಂಟಾಕ್ಕೆ ಬಂದ ಡಾ. ಕೆ.ಎಂ. ವೆಂಕಟ್ ನಾರಾಯಣ್ ಅವರು ಸಿ.ಡಿ.ಸಿ.ಯಲ್ಲಿದ್ದಾಗ, 2003ರಲ್ಲಿ, ಒಂದು ಲೆಕ್ಕ ಕೊಟ್ಟರು. 2000ದಲ್ಲಿ ಅಮೆರಿಕಾದಲ್ಲಿ ಹುಟ್ಟಿದ ಮಕ್ಕಳಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಡಯಾಬಿಟೀಸ್ ಬರಬಹುದು ಅಂತ. ಅದು ಇಡೀ ದೇಶದ ಲೆಕ್ಕ. ನಮ್ಮವರ ಮೈ ಇನ್ನೂ ಸೂಕ್ಷ್ಮ. ಅದಕ್ಕೇ ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ 2015ರಲ್ಲಿ ಏಷ್ಯಾ ಮೂಲದವರಿಗೆ ಬಿ.ಎಂ.ಐ. 25ರ ಬದಲು 23 ದಾಟಿದರೇ ಪರೀಕ್ಷೆ ಮಾಡಿಸಿ ಅಂದಿದ್ದು. 'ಸ್ವಲ್ಪ ಹೊಟ್ಟೆ ಇದೆ ಅಷ್ಟೇ' ಅನ್ನೋ ನಮ್ಮ ಸಾಫ್ಟ್‌ವೇರ್ ಸಂತಾನ ಪೂರ್ತಿ ಇದರೊಳಗೆ ಬರುತ್ತೆ.

ಈಗ ಲೇಬಲ್ಲಿಗೆ ಬರೋಣ. 12 ಔನ್ಸಿನ ಒಂದು ಕೋಕ್ ಕ್ಯಾನಿನಲ್ಲಿ 39 ಗ್ರಾಂ ಸಕ್ಕರೆ. ಚಮಚಕ್ಕೆ ನಾಲ್ಕು ಗ್ರಾಂ ಅಂತ ಹಿಡಿದರೆ ಹತ್ತು ಚಮಚಕ್ಕೆ ಒಂದು ಗ್ರಾಂ ಕಡಿಮೆ. ಕಾಫಿಗೆ ಯಾರಾದರೂ ಹತ್ತು ಚಮಚ ಸಕ್ಕರೆ ಹಾಕಿಕೊಟ್ಟರೆ ನೀವು ಕುಡೀತೀರಾ? ಮುಖ ಸಿಂಡರಿಸಿ ವಾಪಸ್ ಕೊಡ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮ ಅಂತ. ಒಂದೇ ಕ್ಯಾನಿಗೆ ಕೋಟಾ ಮುಗಿದು ನಾಳೆಯದಕ್ಕೂ ಕೈ ಹಾಕಿದ ಹಾಗಾಯ್ತು. ಇನ್ನು ಕ್ಯಾರೊಲಿನಾ, ಜಾರ್ಜಿಯಾ ಕಡೆ ಯಾವ ಹೋಟೆಲಿಗೆ ಹೋದರೂ 'ಸ್ವೀಟ್ ಟೀ' ಅಂತ ದೊಡ್ಡ ಲೋಟದಲ್ಲಿ ಐಸ್ ಹಾಕಿ ತಂದಿಡ್ತಾರೆ, ಖಾಲಿ ಆದ ಹಾಗೆ ಮತ್ತೆ ತುಂಬಿಸ್ತಾರೆ. ಹೆಸರಿಗೆ ಟೀ, ಒಳಗಿರೋದು ಪಾನಕ. ಇದನ್ನೆಲ್ಲಾ ಬಿಡಿ ಅಂತ ಪ್ರಕೃತಿ ಚಿಕಿತ್ಸೆಯವರು ಹೇಳಿದರೆ ನಾನು ಎರಡೂ ಕೈ ಎತ್ತಿ ಜೈ ಅಂತೀನಿ.

*

ತಕರಾರು ಶುರುವಾಗೋದು ಮುಂದಿನ ಹೆಜ್ಜೆಯಲ್ಲಿ. ಸಕ್ಕರೆ ಬಿಳಿ ವಿಷ, ಅದರ ಬದಲು ಬೆಲ್ಲ ಹಾಕಿ, ಜೇನು ಹಾಕಿ, ಕೋಕ್ ಬದಲು ಹಣ್ಣಿನ ಜ್ಯೂಸ್ ಕುಡೀರಿ ಅಂತಾರೆ. ಬೆಲ್ಲದಲ್ಲಿ ಚೂರುಪಾರು ಕಬ್ಬಿಣ, ಖನಿಜ ಇದೆ, ನಿಜ. ಉಳಿದದ್ದು? ಬಹುಪಾಲು ಸಕ್ಕರೆಯೇ. ನೂರು ಗ್ರಾಂ ಜೇನಿನಲ್ಲಿ ಎಂಬತ್ತು ಗ್ರಾಂ ಆಸುಪಾಸು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಆ 25 ಗ್ರಾಂ ಲೆಕ್ಕದಲ್ಲಿ ಜೇನು, ಹಣ್ಣಿನ ಜ್ಯೂಸು ಎರಡೂ ಸೇರುತ್ತವೆ, ರಿಯಾಯಿತಿ ಇಲ್ಲ. ಬೆಲ್ಲದ ರುಚಿಗೋಸ್ಕರ ಬೆಲ್ಲ ತಿನ್ನಿ, ಹೋಳಿಗೆಗೆ ಬೆಲ್ಲವೇ ಚೆನ್ನ, ಯಾರು ಬೇಡ ಅಂತಾರೆ! ಆದರೆ ಶುಗರ್ ಇರೋ ಮಾವನಿಗೆ 'ಬೆಲ್ಲದ ಕಾಫಿ, ಏನೂ ಆಗಲ್ಲ' ಅಂತ ಎರಡು ಲೋಟ ಕೊಡೋದು ಪ್ರೀತಿಯಲ್ಲಿ ಮಾಡೋ ಅನ್ಯಾಯ.

ಜ್ಯೂಸಿನ ಕಥೆಯೂ ಅಷ್ಟೇ. ಒಂದು ಕಿತ್ತಳೆ ಸುಲಿದು ತಿನ್ನೋಕೆ ಐದು ನಿಮಿಷ ಬೇಕು, ನಾರು ಹೊಟ್ಟೆಗೆ ಹೋಗುತ್ತೆ, ಒಂದಕ್ಕೇ ಸಾಕು ಅನ್ನಿಸುತ್ತೆ. ಅದೇ ಮೂರು ನಾಲ್ಕು ಕಿತ್ತಳೆಯ ರಸ ಒಂದೇ ಗುಟುಕಿಗೆ ಇಳಿಯುತ್ತೆ, ನಾರೆಲ್ಲಾ ಕಸದ ಬುಟ್ಟಿಗೆ. ಹಣ್ಣು ತಿನ್ನಿ ಅನ್ನೋದು ಹಳೆಯ ಪ್ರಕೃತಿ ಚಿಕಿತ್ಸೆ. ಏಳು ದಿನ ಜ್ಯೂಸ್ ಕುಡಿದು ಮೈ 'ಡಿಟಾಕ್ಸ್' ಮಾಡಿ ಅನ್ನೋದು ಹೊಸ ವ್ಯಾಪಾರ. ನಮ್ಮ ಲಿವರ್, ಕಿಡ್ನಿ ಇಪ್ಪತ್ತನಾಲ್ಕು ಗಂಟೆಯೂ ಆ ಕೆಲಸವನ್ನೇ ಮಾಡ್ತಿರೋವಾಗ ಮತ್ತೆ ದುಡ್ಡು ಕೊಟ್ಟು ತೊಳೆಸೋದು ಏನನ್ನ?

ಜೇನಿನ ವಿಷಯಕ್ಕೆ ಇನ್ನೊಂದು ಮಾತು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರೋ ಪದ್ಧತಿ ನಮ್ಮಲ್ಲಿದೆ. ಬಾಣಂತನಕ್ಕೆ ಬಂದ ಅಜ್ಜಿಯರು ಇಲ್ಲೂ ಮಾಡೋಕೆ ಹೊರಡ್ತಾರೆ. ಅಟ್ಲಾಂಟಾದ ಸಿ.ಡಿ.ಸಿ. ಸ್ಪಷ್ಟವಾಗಿ ಹೇಳುತ್ತೆ, ಒಂದು ವರ್ಷ ತುಂಬೋವರೆಗೆ ಮಗುವಿಗೆ ಜೇನು ಕೂಡದು ಅಂತ. ಜೇನಿನಲ್ಲಿ ಕೆಲವೊಮ್ಮೆ ಇರೋ ಒಂದು ಬ್ಯಾಕ್ಟೀರಿಯಾದ ಬೀಜಕಣ ಎಳೆಗರುಳಿನಲ್ಲಿ ಮೊಳೆತು ವಿಷ ಉತ್ಪತ್ತಿ ಮಾಡಬಹುದು. ಬೊಟ್ಯುಲಿಸಂ ಅಂತ. ಅಪರೂಪ, ಆದರೆ ಬಂದರೆ ಉಸಿರಿಗೇ ಕುತ್ತು. ಅಜ್ಜಿಗೆ ನಯವಾಗಿ ಹೇಳಿ, "ಅಜ್ಜಿ, ಒಂದು ವರ್ಷ ಆಗಲಿ, ಆಮೇಲೆ ನೀವೇ ಕೊಡಿ" ಅಂತ.

ಇನ್ನು ಕಾಫಿ! ಪ್ರಕೃತಿ ಚಿಕಿತ್ಸಾಲಯಕ್ಕೆ ಹೋದರೆ ಬಾಗಿಲಲ್ಲೇ ಕಾಫಿ ಕಸ್ಕೋತಾರೆ. ಚಿಕ್ಕಮಗಳೂರಿನ ಕಾಫಿ ಕುಡಿದು ಬೆಳೆದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಇಲ್ಲಿ ಅವರು ಸ್ವಲ್ಪ ಅತಿ ಮಾಡ್ತಾರೆ ಅಂತ ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1991ರಲ್ಲಿ ಕಾಫಿಯನ್ನ ಅನುಮಾನದ ಪಟ್ಟಿಗೆ ಸೇರಿಸಿತ್ತು, 2016ರಲ್ಲಿ ಪುರಾವೆ ಸಾಲದು ಅಂತ ಅದನ್ನ ಕೈಬಿಟ್ಟಿತು. ಅದರ ಬದಲು 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂದಿತು. ಅಂದರೆ ಲೋಟಕ್ಕೂ ಬಟ್ಟಲಿಗೂ ಮೇಲೆ ಕೆಳಗೆ ಹೊಯ್ದು ಆರಿಸಿ ಕುಡಿಯೋ ನಮ್ಮ ಪದ್ಧತಿಯೇ ಸರಿ! ಕಾಫಿಯಲ್ಲಿ ಕೆಟ್ಟದ್ದು ಅಂದರೆ ನಾವು ಅದಕ್ಕೆ ಹಾಕೋ ಎರಡೆರಡು ಚಮಚ ಸಕ್ಕರೆ, ರಾತ್ರಿ ನಿದ್ದೆಗೆಡಿಸೋ ಸಂಜೆ ಏಳರ ಲೋಟ, ಮತ್ತೆ ಊಟದ ಜೊತೆಗೇ ಕುಡಿಯೋ ಚಟ. ಊಟದ ಜೊತೆ ಕಾಫಿ ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತೋದಿಲ್ಲ. ಸಸ್ಯಾಹಾರಿ ಹೆಣ್ಣುಮಕ್ಕಳು ಇದನ್ನ ಗಮನಿಸಬೇಕು. ಇಷ್ಟು ತಿದ್ದಿಕೊಂಡರೆ ಬೆಳಗಿನ ಫಿಲ್ಟರ್ ಕಾಫಿಗೆ ನನ್ನ ಪೂರ್ಣ ಬೆಂಬಲ ಇದೆ.

*

ಇದುವರೆಗಿನದು ಸಣ್ಣ ಪುಟ್ಟ ಜಗಳ. ಈಗ ಬರೋದು ಜೀವದ ಮಾತು.

'ಬಿಡಿ' ಅನ್ನೋ ಸಲಹೆಗೆ ಕಾಸು ಖರ್ಚಿಲ್ಲ, ಅಪಾಯ ಇಲ್ಲ. 'ಕುಡೀರಿ', 'ನುಂಗಿ' ಅನ್ನೋ ಸಲಹೆ ಹಾಗಲ್ಲ. ಅದು ಔಷಧಿಯ ಕೆಲಸ ಮಾಡುತ್ತೆ ಅನ್ನೋದಾದರೆ ಔಷಧಿಯ ಅಪಾಯವೂ ಅದಕ್ಕೆ ಇರಲೇಬೇಕು ತಾನೇ?

ಸೋರೆಕಾಯಿ ಜ್ಯೂಸ್ ತಗೊಳ್ಳಿ. ಹೃದಯಕ್ಕೆ, ಶುಗರಿಗೆ, ಎಲ್ಲಕ್ಕೂ ಒಳ್ಳೆಯದು ಅಂತ ಊರೆಲ್ಲಾ ಕುಡಿದರು. ಕಹಿ ಇದ್ದ ಸೋರೆಕಾಯಿಯ ರಸ ಕುಡಿದು ರಕ್ತ ಕಾರಿಕೊಂಡು ಕೆಲವರು ಸತ್ತೇ ಹೋದರು. ಭಾರತದ ಐ.ಸಿ.ಎಂ.ಆರ್. ಒಂದು ತಜ್ಞರ ಸಮಿತಿಯನ್ನೇ ಮಾಡಿ, ಕಹಿ ಇದ್ದರೆ ಒಂದು ಗುಟುಕೂ ಕುಡೀಬೇಡಿ ಅಂತ ಹೇಳಬೇಕಾಯ್ತು. ಕುಕುರ್ಬಿಟಾಸಿನ್ ಅನ್ನೋ ವಿಷ ಅದರಲ್ಲಿರುತ್ತೆ. ಸೌತೆಕಾಯಿ, ಸೋರೆಕಾಯಿ ಹೆಚ್ಚುವಾಗ ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡೋದು ಸುಮ್ಮನೆ ಅಲ್ಲ. ಪಲ್ಯ ಕಹಿ ಆದರೆ ಯಾರೂ ತಿನ್ನೋದಿಲ್ಲ, ಜೀವ ಉಳಿಯುತ್ತೆ. 'ಔಷಧಿ' ಅಂದುಬಿಟ್ಟರೆ ಕಹಿ ಇದ್ದಷ್ಟೂ ಒಳ್ಳೆಯದು ಅಂತ ಕಣ್ಮುಚ್ಚಿ ಕುಡೀತೀವಿ. ತರಕಾರಿ ಔಷಧಿ ಆದ ಕ್ಷಣವೇ ನಾಲಿಗೆಯ ಕಾವಲು ಹೋಯ್ತು.

ಅರಿಶಿನ? 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ ಅಮೆರಿಕಾದ ಪೇಟೆಂಟ್ ಕಚೇರಿ ಪೇಟೆಂಟ್ ಕೊಟ್ಟಿತ್ತು. ನಮ್ಮ ಸಿ.ಎಸ್.ಐ.ಆರ್. ಹೋರಾಡಿ 1997ರಲ್ಲಿ ಅದನ್ನ ರದ್ದು ಮಾಡಿಸಿತು. ಹೆಮ್ಮೆಯ ವಿಷಯವೇ. ಈಗ ಇಲ್ಲಿ ಅದೇ ಅರಿಶಿನದ ಸಾರವನ್ನ ಕ್ಯಾಪ್ಸೂಲಿಗೆ ತುಂಬಿ, ಮೈ ಹೆಚ್ಚು ಹೀರಿಕೊಳ್ಳಲಿ ಅಂತ ಕಾಳುಮೆಣಸಿನ ಸಾರವನ್ನೂ ಸೇರಿಸಿ ಮಾರ್ತಾರೆ. 2022ರಲ್ಲಿ ಇಲ್ಲಿನ ಲಿವರ್ ತಜ್ಞರ ಜಾಲವೊಂದು ಅರಿಶಿನದ ಸಪ್ಲಿಮೆಂಟಿನಿಂದ ಲಿವರ್ ಕೆಟ್ಟ ಹತ್ತು ಜನರ ವಿವರ ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಹುಳಿಗೆ ಹಾಕೋ ಚಿಟಿಕೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರರ ಆಸುಪಾಸು. ಕ್ಯಾಪ್ಸೂಲಿನಲ್ಲಿ ಅದೇ ಪೂರ್ತಿ. ಎರಡನ್ನೂ 'ಅರಿಶಿನ' ಅಂತ ಒಂದೇ ಹೆಸರಿನಲ್ಲಿ ಕರೆಯೋದೇ ತಪ್ಪು. ಅಷ್ಟೇ ಅಲ್ಲ, ವಾಷಿಂಗ್ಟನ್ನಿನಲ್ಲಿ 1994ರಲ್ಲಿ ಆದ ಕಾನೂನಿನ ಪ್ರಕಾರ ಇಂಥ ಸಪ್ಲಿಮೆಂಟುಗಳು ಅಂಗಡಿಗೆ ಬರೋ ಮುಂಚೆ ಎಫ್.ಡಿ.ಎ. ಒಪ್ಪಿಗೆ ಬೇಕಿಲ್ಲ. ಬಾಟಲಿ ಮೇಲೆ ಹಸಿರು ಎಲೆ ಇದ್ದರೆ ಯಾರೋ ಪರೀಕ್ಷೆ ಮಾಡಿದ್ದಾರೆ ಅಂತ ಅಂದುಕೋಬೇಡಿ.

ಹಣ್ಣೂ ಕೂಡ ಅಷ್ಟು ಮುಗ್ಧ ಅಲ್ಲ. ದೇವನಹಳ್ಳಿ ಚಕ್ಕೋತ ತಿಂದವರಿಗೆ ಇಲ್ಲಿನ ಗ್ರೇಪ್‌ಫ್ರೂಟ್ ನೋಡಿದರೆ ನೆಂಟರು ಸಿಕ್ಕಷ್ಟು ಖುಷಿ. ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿಯೇ ಅದು. ಆದರೆ ಕೊಲೆಸ್ಟರಾಲಿನ ಕೆಲವು ಮಾತ್ರೆ, ಬಿ.ಪಿ.ಯ ಕೆಲವು ಮಾತ್ರೆ ತಗೊಳ್ಳೋರು ಇದನ್ನ ತಿಂದರೆ ಮಾತ್ರೆಯನ್ನ ಅರಗಿಸೋ ಕಿಣ್ವಕ್ಕೆ ತಡೆಯಾಗಿ, ರಕ್ತದಲ್ಲಿ ಮಾತ್ರೆಯ ಮಟ್ಟ ಏರುತ್ತೆ. ಚಕ್ಕೋತಕ್ಕೂ ಆ ಗುಣ ಇದೆ. ತಿನ್ನಲೇಬಾರದು ಅಂತಲ್ಲ, ನಿಮ್ಮ ಮಾತ್ರೆಯ ಹೆಸರು ಹೇಳಿ ಫಾರ್ಮಸಿಯಲ್ಲಿ ಒಂದು ಮಾತು ಕೇಳಿ. ದುಡ್ಡು ತಗೊಳ್ಳೋದಿಲ್ಲ.

ಕೊನೆಯ ಮೆಟ್ಟಿಲು ಎಲ್ಲಕ್ಕಿಂತ ಕೆಟ್ಟದ್ದು: 'ಮಾತ್ರೆ ನಿಲ್ಲಿಸಿ'. 1999ರಲ್ಲಿ ನಾರ್ತ್ ಕ್ಯಾರೊಲಿನಾದ ಆಶ್‌ವಿಲ್‌ನಲ್ಲಿ ಏನಾಯ್ತು ಕೇಳಿ. ಟೈಪ್ 1 ಡಯಾಬಿಟೀಸ್ ಇದ್ದ ಎಂಟು ವರ್ಷದ ಹುಡುಗಿ. ಆ ಮಕ್ಕಳ ಮೈಯಲ್ಲಿ ಇನ್ಸುಲಿನ್ ಹುಟ್ಟೋದೇ ಇಲ್ಲ, ಇಂಜೆಕ್ಷನ್ನೇ ಅನ್ನ ನೀರು. ತನ್ನನ್ನ ನ್ಯಾಚುರೋಪತಿ ಡಾಕ್ಟರು ಅಂತ ಕರೆದುಕೊಳ್ತಿದ್ದ ಒಬ್ಬ ಇನ್ಸುಲಿನ್ ನಿಲ್ಲಿಸಿ ಅಂದ. ತಾಯಿ ನಂಬಿದರು. ಮಗು ಉಳಿಯಲಿಲ್ಲ. ಲೈಸೆನ್ಸ್ ಇಲ್ಲದೆ ವೈದ್ಯ ವೃತ್ತಿ ಮಾಡಿದ್ದಕ್ಕೆ, ಸಾವಿಗೆ ಕಾರಣನಾಗಿದ್ದಕ್ಕೆ ಕೋರ್ಟು ಅವನನ್ನ ಅಪರಾಧಿ ಅಂದಿತು. ಮಗು ವಾಪಸ್ ಬರುತ್ತಾ?

ಇಲ್ಲಿನ ಕಾನೂನಂತೂ ಗೊಂದಲದ ಗೂಡು. ಮೇರಿಲ್ಯಾಂಡಿನಲ್ಲಿ, ಡಿ.ಸಿ.ಯಲ್ಲಿ ನ್ಯಾಚುರೋಪತಿ ಡಾಕ್ಟರಿಗೆ ಸರ್ಕಾರಿ ಲೈಸೆನ್ಸ್ ಇದೆ. ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ, ಜಾರ್ಜಿಯಾದಲ್ಲಿ ಅಂಥ ಲೈಸೆನ್ಸೇ ಇಲ್ಲ. ಸೌತ್ ಕ್ಯಾರೊಲಿನಾದಲ್ಲಿ ಆ ವೃತ್ತಿಯೇ ಕಾನೂನುಬಾಹಿರ. ಅಂದರೆ ನಮ್ಮೂರಿಂದ ಅಟ್ಲಾಂಟಾಕ್ಕೆ ಕಾರಿನಲ್ಲಿ ಹೋಗೋ ಹತ್ತು ಗಂಟೆಯ ದಾರಿಯಲ್ಲಿ ಒಂದೇ ಬೋರ್ಡಿನ ಅರ್ಥ ಮೂರು ಸಲ ಬದಲಾಗುತ್ತೆ. ಉಜಿರೆಯಲ್ಲಿ ಐದೂವರೆ ವರ್ಷ ಓದಿದವರಿಗೂ, ಆನ್‌ಲೈನಿನಲ್ಲಿ ಸರ್ಟಿಫಿಕೇಟ್ ಕೊಂಡು 'ನ್ಯಾಚುರೋಪತ್' ಅಂತ ಬೋರ್ಡ್ ಹಾಕಿದವರಿಗೂ ಇರೋ ವ್ಯತ್ಯಾಸ ಬೋರ್ಡ್ ನೋಡಿದರೆ ಗೊತ್ತಾಗೋದಿಲ್ಲ.

ಪ್ರಕೃತಿ ಚಿಕಿತ್ಸೆಯ ಪರ ಮಾತಾಡೋರು ಗಾಂಧೀಜಿ ಹೆಸರು ಹೇಳ್ತಾರೆ. ಹೇಳಲಿ, ಗಾಂಧಿಗಿಂತ ದೊಡ್ಡ ಪ್ರಕೃತಿ ಚಿಕಿತ್ಸೆಯ ಭಕ್ತ ಯಾರಿದ್ದರು? ರಕ್ತದೊತ್ತಡ ಏರಿದಾಗ 1927ರ ಬೇಸಿಗೆಯಲ್ಲಿ ನಮ್ಮ ನಂದಿಬೆಟ್ಟಕ್ಕೇ ಬಂದು ವಿಶ್ರಾಂತಿ ತಗೊಂಡರು. ಆದರೆ ಅದಕ್ಕೆ ಮೂರು ವರ್ಷ ಮುಂಚೆ, 1924ರ ಜನವರಿಯಲ್ಲಿ, ಯರವಾಡಾ ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಆದಾಗ ಏನು ಮಾಡಿದರು? ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅನ್ನೋ ಇಂಗ್ಲಿಷ್ ಸರ್ಜನ್ ಕೈಗೆ ಹೊಟ್ಟೆ ಒಪ್ಪಿಸಿದರು. ಮಣ್ಣಿನ ಪಟ್ಟಿಗೆ ಒಂದು ಕಾಲ, ಕತ್ತಿಗೆ ಒಂದು ಕಾಲ. ಇಷ್ಟು ವಿವೇಕ ಸಾಕು ನಮಗೆ.

*

ಹಾಗಾದರೆ ಓದಿದವರೂ ಯಾಕೆ ಮಾತ್ರೆ ಬಿಟ್ಟು ಕಷಾಯದ ಹಿಂದೆ ಹೋಗ್ತಾರೆ? ಮೂರ್ಖರು ಅಂತ ಬೈಯೋದು ಸುಲಭ. ಆದರೆ ಕಾರಣ ಇದೆ. ಇಲ್ಲಿನ ಡಾಕ್ಟರು ಹತ್ತು ನಿಮಿಷ ಕೊಟ್ಟರೆ ಹೆಚ್ಚು. ನೀವು ಏನು ತಿಂತೀರಿ ಅಂತ ಕೇಳಿದರೂ ಮುದ್ದೆ, ಅಕ್ಕಿರೊಟ್ಟಿ ಅಂದರೆ ಅವರಿಗೆ ಗೊತ್ತಾಗೋದಿಲ್ಲ. ಜೊತೆಗೆ ದೊಡ್ಡ ಕಂಪನಿಗಳ ಮೇಲೆ ಅಪನಂಬಿಕೆ. ಅದೂ ಸುಳ್ಳಲ್ಲ. ತೂಕ ಹೆಚ್ಚೋಕೆ ತಿನ್ನೋದಕ್ಕಿಂತ ವ್ಯಾಯಾಮ ಸಾಲದಿರೋದೇ ಕಾರಣ ಅಂತ ಒತ್ತಿ ಹೇಳ್ತಿದ್ದ ವಿಜ್ಞಾನಿಗಳ ಗುಂಪಿಗೆ ಕೋಕಾ-ಕೋಲಾ ಹಣ ಕೊಟ್ಟಿದ್ದು 2015ರಲ್ಲಿ ಬಯಲಾಗಿ ಆ ಗುಂಪೇ ಮುಚ್ಚಿತು. ಆದರೆ ಒಬ್ಬ ವ್ಯಾಪಾರಿಯ ಮೇಲಿನ ಕೋಪಕ್ಕೆ ಇನ್ನೊಬ್ಬ ವ್ಯಾಪಾರಿಯ ಪುಡಿ ನುಂಗೋದು ಯಾವ ನ್ಯಾಯ?

ಎಲ್ಲಕ್ಕಿಂತ ದೊಡ್ಡದು ಖರ್ಚು. ಆರು ತಿಂಗಳಿಗೆ ಅಂತ ಬಂದ ಅಪ್ಪ ಅಮ್ಮಂದಿರ ವಿಸಿಟರ್ ಇನ್ಶೂರೆನ್ಸ್ ಮೊದಲೇ ಇದ್ದ ಬಿ.ಪಿ., ಶುಗರಿನ ಖರ್ಚನ್ನ ಸಾಮಾನ್ಯವಾಗಿ ಕೊಡೋದಿಲ್ಲ. ತಂದ ಮಾತ್ರೆ ಮುಗೀತಾ ಬಂದಾಗ ಮಗನಿಗೆ ಭಾರ ಆಗಬಾರದು ಅಂತ ಅಪ್ಪ ದಿನ ಬಿಟ್ಟು ದಿನ ನುಂಗೋಕೆ ಶುರುಮಾಡ್ತಾರೆ. ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ಹಾಗಲಕಾಯಿ ರಸದ ಮೆಸೇಜು ಬರುತ್ತೆ. ಅದು ಅವರಿಗೆ ದೇವರೇ ಕಳಿಸಿದ ದಾರಿ ಅನ್ನಿಸುತ್ತೆ. ನಮಗೆ ಗೊತ್ತೇ ಆಗೋದಿಲ್ಲ, ಯಾಕಂದ್ರೆ ಅಪ್ಪಂದಿರು ಇಂಥದ್ದನ್ನ ಹೇಳೋ ಪೈಕಿ ಅಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಅಪ್ಪ ಅಮ್ಮ ಊರಿಂದ ಹೊರಡೋ ಮುಂಚೆ, ಇರೋ ಅಷ್ಟೂ ದಿನಕ್ಕೆ ಮಾತ್ರೆ, ಡಾಕ್ಟರ ಚೀಟಿ ಸಮೇತ, ಬ್ಯಾಗಿಗೆ ಬಿತ್ತಾ ಅಂತ ನೋಡಿ. ಉಪ್ಪಿನಕಾಯಿ ಒಂದು ಬಾಟಲಿ ಕಡಿಮೆ ಆದರೂ ಪರವಾಗಿಲ್ಲ. ಬಂದ ಮೇಲೆ ವಾರಕ್ಕೊಮ್ಮೆ ಮಾತ್ರೆಯ ಡಬ್ಬಿ ಎಣಿಸಿ, ಅವರಿಗೆ ನೋವಾಗದ ಹಾಗೆ. ಡಾಕ್ಟರ ಹತ್ತಿರ ಹೋದಾಗ ಮಾತ್ರೆಯ ಪಟ್ಟಿಯ ಜೊತೆ ಕಷಾಯ, ಪುಡಿ, ರಸ ಎಲ್ಲವನ್ನೂ ಬರೆದು ತೋರಿಸಿ. ಅಮ್ಮ ಹಾಗಲಕಾಯಿ ಬೇಕು ಅಂದರೆ ಗೊಜ್ಜು ಮಾಡಿಸಿ ತಿನ್ನಿ, ಚೆನ್ನಾಗಿರುತ್ತೆ. ಮತ್ತೆ ನಮ್ಮ ಕನ್ನಡ ಕೂಟಗಳವರೇ, ಮುಂದಿನ ಯುಗಾದಿ ಊಟಕ್ಕೆ ಆ ಸೋಡಾ ಕ್ಯಾನಿನ ಪೆಟ್ಟಿಗೆಗಳ ಬದಲು ಒಂದು ದೊಡ್ಡ ಪಾತ್ರೆ ನೀರು ಮಜ್ಜಿಗೆ ಇಡಿ. ಕರಿಬೇವು, ಶುಂಠಿ, ಒಂದಿಷ್ಟು ಇಂಗು. ಉಪ್ಪು ಸ್ವಲ್ಪ ಕಮ್ಮಿ ಇರಲಿ.